ಲೆಕ್ಕದಲ್ಲಿ ಕಾಣೆಯಾದ ಎರಡು ಲೋಟ

"ಪ್ರಶ್ನೆಪತ್ರಿಕೆ ಹೊರಗೆ ಬಿಟ್ಟೋಳು ಇವಳೇ ಅಂತ ಬೇಕಾದ್ರೆ ಹೇಳಿ ಸರ್, ತಡ್ಕೋತೀನಿ," ಎಂದರು ಅತ್ತಿಗೆ. "ಆದ್ರೆ ಈ ಐದನೇ ಲೆಕ್ಕ ನಾನು ಮಾಡಿದ್ದು ಅಂತ ಮಾತ್ರ ಹೇಳ್ಬೇಡಿ."

ಹೆಡ್‌ಮಾಸ್ಟರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ಕನ್ನಡಕ ಮೊದಲೇ ಸ್ವಚ್ಛವಾಗಿತ್ತು. ಮಾತು ಹೊಳೆಯದಿದ್ದಾಗ ಅವರು ಅದನ್ನೇ ಒರೆಸುವುದು.

ಅವರ ಮೇಜಿನ ತುಂಬ ಏಳನೇ ತರಗತಿಯ ಉತ್ತರಪತ್ರಿಕೆಗಳು ಹರಡಿದ್ದವು. ಪರೀಕ್ಷೆಯ ಹಿಂದಿನ ಸಂಜೆ ಶಾಲೆಯ ಆಟದ ಬಯಲಿನ ಗೋಡೆಯ ಮೇಲೆ ಯಾರೋ ಸೀಮೆಸುಣ್ಣದಲ್ಲಿ ಐದೂ ಲೆಕ್ಕಗಳ ಉತ್ತರ ಬರೆದು ಹೋಗಿದ್ದರು. ಜವಾನ ಬಕೆಟ್ಟು ತಂದು ತೊಳೆಯುವಷ್ಟರಲ್ಲಿ ಇಡೀ ತರಗತಿಗೆ ಅದು ಬಾಯಿಪಾಠವಾಗಿತ್ತು. ಪ್ರಶ್ನೆಪತ್ರಿಕೆ ಬರೆದವರು ನಮ್ಮ ಅತ್ತಿಗೆ. ಅದನ್ನು ಮನೆಯ ಬೀರುವಿನಲ್ಲಿಟ್ಟು ಬೀಗ ಹಾಕಿದವರು ಅತ್ತಿಗೆ. ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಮಲಗಿದವರೂ ಅತ್ತಿಗೆಯೇ. ಇನ್ನು ಅನುಮಾನ ಪಕ್ಕದ ಮನೆಯವರ ಮೇಲೆ ಬರುತ್ತದೆಯೇ? ಸಂಜೆ ನಾಲ್ಕಕ್ಕೆ ಶಾಲೆಯ ಕಮಿಟಿ ಸೇರುತ್ತದೆ. ಅಷ್ಟರೊಳಗೆ ಬೇರೊಂದು ಹೆಸರು ಸಿಗದಿದ್ದರೆ ಅತ್ತಿಗೆಯ ಕೆಲಸ ಹೋಗುತ್ತದೆ.

ಆ ಬೇರೊಂದು ಹೆಸರು ಹುಡುಕಬೇಕಾದವನು ನಾನು. ಅವರ ಮೈದುನ, ವೃತ್ತಿಯಲ್ಲಿ ಪತ್ತೇದಾರ. ಮನೆಯ ಗೇಟಿಗೆ ನನ್ನ ಬೋರ್ಡು ತೂಗುಹಾಕಿದ್ದೇನೆ. ಅದನ್ನು ನೋಡಿ ಒಳಗೆ ಬಂದವರಲ್ಲಿ ಹೆಚ್ಚಿನವರು ಮನೆ ಬಾಡಿಗೆಗೆ ಇದೆಯಾ ಎಂದು ಕೇಳಿದ್ದಾರೆ, ನಿಜ. ಆದರೆ ಬೋರ್ಡು ಬೋರ್ಡೇ.

"ಮೇಡಂ, ಮೊದಲ್ನಾಲ್ಕು ಉತ್ತರ ಸರಿ ಇದೆ," ಎಂದರು ಹೆಡ್‌ಮಾಸ್ಟರು. "ಐದನೇದು ಮಾತ್ರ ತಪ್ಪು. ನಿಮ್ಮ ಮೇಲೆ ಅನುಮಾನ ಬರಬಾರದು ಅಂತ ನೀವೇ ಒಂದು ತಪ್ಪು ಸೇರಿಸಿದೀರಿ ಅಂತ ಕಮಿಟಿಯೋರ ಅಭಿಪ್ರಾಯ."

"ಐದೂ ಸರಿಯಿದ್ದಿದ್ರೆ?" ಎಂದೆ ನಾನು.

"ಲೆಕ್ಕದ ಟೀಚರೇ ಬರೆದಿದ್ದು ಅಂತ ಖಾತ್ರಿ ಆಗ್ತಿತ್ತು."

"ಐದೂ ತಪ್ಪಿದ್ದಿದ್ರೆ?"

"ಇನ್ನೂ ಜಾಣತನದಿಂದ ಮಾಡಿದಾರೆ ಅಂತಿದ್ರು."

ಎತ್ತ ತಿರುಗಿದರೂ ಅತ್ತಿಗೆಯೇ. ಇಂಥ ತರ್ಕ ನನಗೆ ಒಲಿದಿದ್ದರೆ ನನ್ನ ಬೋರ್ಡು ಇಷ್ಟೊತ್ತಿಗೆ ಹಿತ್ತಾಳೆಯದಾಗಿರುತ್ತಿತ್ತು.

ಅತ್ತಿಗೆ ಈ ಮಾತು ಯಾವುದನ್ನೂ ಕೇಳಿಸಿಕೊಳ್ಳಲಿಲ್ಲ. ಸೀಮೆಸುಣ್ಣ ತೆಗೆದುಕೊಂಡು, ಹೆಡ್‌ಮಾಸ್ಟರ ಗೋಡೆಯ ಮೇಲಿದ್ದ ವೇಳಾಪಟ್ಟಿಯ ಹಲಗೆಯಲ್ಲಿ ಬುಧವಾರವನ್ನು ಪೂರ್ತಿ ಅಳಿಸಿ, ಅಲ್ಲಿ ಲೆಕ್ಕ ಬರೆದರು. ವ್ಯಾಪಾರಿಯೊಬ್ಬನು ಐವತ್ತು ಗಾಜಿನ ಲೋಟಗಳನ್ನು ತಲಾ ಎಂಟರಂತೆ ಕೊಂಡು, ತಲಾ ಹತ್ತರಂತೆ ಮಾರಿದರೆ ಅವನಿಗಾದ ಶೇಕಡಾ ಲಾಭವೆಷ್ಟು?

"ಹಾಕಿದ ದುಡ್ಡು ನಾನೂರು. ಬಂದಿದ್ದು ಐನೂರು. ಲಾಭ ನೂರು. ಶೇಕಡಾ ಯಾವುದರ ಮೇಲೆ ಹಾಕ್ಬೇಕು, ಹೇಳು."

ನಾನು ಹೆಡ್‌ಮಾಸ್ಟರ ಮುಖ ನೋಡಿದೆ. ಅವರು ಕನ್ನಡಕ ಒರೆಸತೊಡಗಿದರು. ಅವರದು ಸಮಾಜ ವಿಜ್ಞಾನ.

"ಕೊಂಡ ಬೆಲೆ ಮೇಲೆ," ಎಂದರು ಅತ್ತಿಗೆ. "ನಾನೂರಕ್ಕೆ ನೂರು. ನೂರಕ್ಕೆ ಇಪ್ಪತ್ತೈದು. ಇಪ್ಪತ್ತೈದು ಪರ್ಸೆಂಟ್ ಸರಿಯುತ್ತರ. ಆದ್ರೆ ಗೋಡೆ ಮೇಲಿದ್ದಿದ್ದು ಎಷ್ಟು ಗೊತ್ತಾ? ಹದಿನಾರು ಪೂರ್ಣಾಂಕ ಮೂರನೇ ಎರಡು. ಇಡೀ ಕ್ಲಾಸು ಅದನ್ನೇ ಇಳಿಸಿದೆ. ಪೆದ್ದು ತಪ್ಪಾಗಿದ್ರೆ ಇಪ್ಪತ್ತೋ ನೂರೋ ಬರ್ತಿತ್ತು. ಇಷ್ಟು ಚೂಪಾದ ಸಂಖ್ಯೆ ಬರ್ಬೇಕು ಅಂದ್ರೆ ಯಾರೋ ಶ್ರದ್ಧೆಯಿಂದ ಲೆಕ್ಕ ಮಾಡಿದಾರೆ."

"ಶ್ರದ್ಧೆಯಿಂದ ತಪ್ಪು ಮಾಡಿದಾರೆ ಅಂತೀರಾ?"

"ಪೇಟೆಯೋರು ಲಾಭಾನ ಕೊಂಡ ಬೆಲೆ ಮೇಲೆ ಹಾಕಲ್ಲ. ಗಲ್ಲಾಪೆಟ್ಟಿಗೆಗೆ ಬಿದ್ದ ನೂರರಲ್ಲಿ ನಂಗೆ ಎಷ್ಟು ಉಳೀತು ಅಂತ ನೋಡ್ತಾರೆ. ಮಾರಿದ ಬೆಲೆ ಮೇಲೆ ಹಾಕ್ತಾರೆ. ಹಾಗೆ ಹಾಕಿದ್ರೆ ಐನೂರಕ್ಕೆ ನೂರು, ಅಂದ್ರೆ ಇಪ್ಪತ್ತು ಪರ್ಸೆಂಟ್ ಬರತ್ತೆ. ಹದಿನಾರು ಚಿಲ್ಲರೆ ಹೆಂಗೆ ಬಂತು?"

ಹಲಗೆಯ ಮೇಲಿನ ಅಂಕಿಗಳನ್ನು ಅವರು ಮತ್ತೊಮ್ಮೆ ಓದಿಕೊಂಡರು. ತುಟಿ ಆಡುತ್ತಿತ್ತು. ನಂತರ ಸೀಮೆಸುಣ್ಣ ಕಟಕಟ ಸದ್ದು ಮಾಡಿತು.

"ಆರರಲ್ಲಿ ಒಂದು ಪಾಲು. ಹದಿನಾರು ಪೂರ್ಣಾಂಕ ಮೂರನೇ ಎರಡು ಅಂದ್ರೆ ಅಷ್ಟೇ ಅಲ್ವಾ? ನಾನೂರು ಹಾಕಿದಾನೆ. ಬಂದಿದ್ದರಲ್ಲಿ ಆರನೇ ಒಂದು ಪಾಲು ಉಳೀಬೇಕು. ಹಾಗಾದ್ರೆ ಬಂದಿದ್ದು ನಾನೂರ ಎಂಬತ್ತು, ಉಳಿದಿದ್ದು ಎಂಬತ್ತು." ಅವರು ನನ್ನ ಕಡೆ ತಿರುಗಿದರು. "ಹತ್ತರ ಹಾಗೆ ನಾನೂರ ಎಂಬತ್ತು ಬಂದಿದೆ ಅಂದ್ರೆ ನಲವತ್ತೆಂಟು ಲೋಟ ಮಾರಿದಾನೆ. ಕೊಂಡಿದ್ದು ಐವತ್ತು. ಎರಡು ಲೋಟ ಎಲ್ಲಿ ಹೋಯ್ತು?"

ನನ್ನ ಕಿವಿ ನೆಟ್ಟಗಾಯಿತು. ಶೇಕಡಾ ನನ್ನ ತಲೆಗೆ ಹತ್ತುವುದಿಲ್ಲ. ಆದರೆ ಕಾಣೆಯಾದ ಲೋಟ ಎಂದರೆ ಅದು ನನ್ನ ಇಲಾಖೆ.

ಹೊರಡುವಾಗ ಅತ್ತಿಗೆ ಆ ರಾಶಿಯಿಂದ ಒಂದು ಪತ್ರಿಕೆ ಎಳೆದು ನನಗೆ ತೋರಿಸಿದರು. ಮೊದಲ ಬೆಂಚಿನ ಹುಡುಗಿಯದು. ಐದನೇ ಲೆಕ್ಕಕ್ಕೆ ಆಕೆ ಕೊಂಡ ಬೆಲೆಯ ಮೇಲೆಯೇ ಲಾಭ ಹಾಕಿ, ಇಪ್ಪತ್ತೈದು ಎಂದು ದುಂಡಗೆ ಬರೆದಿದ್ದಳು. ಆಮೇಲೆ ಅದರ ಮೇಲೆ ಅಡ್ಡಗೆರೆ ಎಳೆದು, ಕೆಳಗೆ ಗೋಡೆಯ ಉತ್ತರವನ್ನು ಇಳಿಸಿದ್ದಳು.

"ಇವಳಿಗೆ ಲೆಕ್ಕ ಬಂದಿತ್ತು," ಎಂದರು ಅತ್ತಿಗೆ. "ಬಂದಿದ್ದನ್ನ ಹೊಡೆದುಹಾಕಿದಾಳೆ. ನನ್ನ ಮಾತಿಗಿಂತ ಗೋಡೆ ಮಾತು ಹೆಚ್ಚಾಯ್ತು ನೋಡು ಅವಳಿಗೆ."

ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. ಕೆಲಸ ಹೋಗುತ್ತದೆ ಎಂದಾಗಲೂ ಅಳದವರು ಅವರು. ಕೇಸೇ ಇಲ್ಲದ ಪತ್ತೇದಾರನಿಗೆ ದಿನವೂ ತಟ್ಟೆ ಹಾಕಿ, ಇವತ್ತಾದರೂ ಕೇಸು ಬಂತಾ ಎಂದು ಒಂದು ದಿನವೂ ಕೇಳದ ಅತ್ತಿಗೆ ಯಾರಿಗಿದ್ದಾರೆ? ನನಗಿದ್ದಾರೆ. ಅವರ ಕೆಲಸ ಉಳಿಸದೆ ನಾನು ಆ ತಟ್ಟೆಯ ಮುಂದೆ ಮತ್ತೆ ಹೇಗೆ ಕೂರಲಿ?

"ಅದನ್ನ ತಗೊಂಡು ಹೋಗಿ, ನಿಮ್ಮ ತನಿಖೆಗೆ ಬೇಕಾಗಬಹುದು," ಎಂದರು ಹೆಡ್‌ಮಾಸ್ಟರು, ಎಂದೂ ಇಲ್ಲದ ಮೆತ್ತನೆಯ ದನಿಯಲ್ಲಿ. "ಮೇಡಂ ಸರಿಯಾಗೇ ಕಲಿಸಿದ್ರು, ತಪ್ಪು ಹೊರಗಿಂದ ಬಂತು ಅನ್ನೋಕೆ ಇರೋ ಸಾಕ್ಷಿ ಅದೊಂದೇ. ಕಮಿಟಿಗೆ ತೋರಿಸಬೇಕು. ನಾಲ್ಕಕ್ಕೆ ಮುಂಚೆ ಜೋಪಾನವಾಗಿ ವಾಪಸ್ ತನ್ನಿ."

ಗೇಟಿನ ಹೊರಗೆ ಅಣ್ಣ ಸ್ಕೂಟರಿನ ಮೇಲೆ ಕೂತಿದ್ದ. ಬೆಳಗ್ಗೆಯಿಂದ ತನ್ನ ಫೋಟೋ ಸ್ಟುಡಿಯೋ ಮುಚ್ಚಿ, ಹೆಂಡತಿಗಾಗಿ ನನ್ನನ್ನು ಊರೆಲ್ಲ ಸುತ್ತಿಸಲು ಸಿದ್ಧನಾಗಿ ಬಂದಿದ್ದಾನೆ. ಸ್ಕೂಟರಿನ ಕೊಕ್ಕೆಗೆ ಅತ್ತಿಗೆಯ ಊಟದ ಕ್ಯಾರಿಯರ್ ತೂಗುತ್ತಿತ್ತು.

"ನಿಮ್ಮತ್ತಿಗೆ ಏನಾದ್ರೂ ತಿಂದ್ಲಾ?"

"ಕೇಸ್ ಮುಗಿಯೋವರೆಗೂ ಮುಟ್ಟಲ್ಲ ಅಂದ್ರು."

"ಬಿಸಿ ಮಾಡ್ಕೊಂಡು ತಂದಿದ್ದೆ," ಎಂದ ಅಣ್ಣ, ತನ್ನಷ್ಟಕ್ಕೆ. ನನ್ನ ಕೈಯಲ್ಲಿದ್ದ ಪತ್ರಿಕೆಯನ್ನು ತೆಗೆದುಕೊಂಡು, ಹೊಡೆದುಹಾಕಿದ ಇಪ್ಪತ್ತೈದನ್ನು ಬಹಳ ಹೊತ್ತು ನೋಡಿದ. "ಕೊಡು, ಡಿಕ್ಕೀಲಿ ಇಡ್ತೀನಿ. ನಿನ್ನ ಕೈ ಬೆವರುತ್ತೆ."

ನಾನು ಹಿಂದೆ ಕೂತು, ಅವನ ಹೆಗಲು ಹಿಡಿದುಕೊಂಡು, ಎರಡು ಲೋಟದ ವಿಷಯ ಹೇಳಿದೆ. ಸ್ಕೂಟರು ಕೆಮ್ಮಿ ಅಲ್ಲೇ ನಿಂತುಹೋಯಿತು. ಅಣ್ಣ ಕಿಕ್ ಹೊಡೆದ. ಏಳನೆಯದೋ ಎಂಟನೆಯದೋ ಕಿಕ್ಕಿಗೆ ಅದು ಹೊರಟಿತು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆಯ ಮೇಲೆಯೇ ನನ್ನ ತನಿಖೆಯ ಕ್ರಮವೆಲ್ಲ ನಿಂತಿದೆ. ನಾನು ಹೋಗಿ ಕುಂಬಳಕಾಯಿ ಎನ್ನುತ್ತೇನೆ, ಎದುರಿಗಿದ್ದವರ ಹೆಗಲು ನೋಡುತ್ತೇನೆ. ಬೇರೆ ವಿದ್ಯೆ ನನಗೆ ಬರುವುದಿಲ್ಲ, ಬೇಕಾಗಿಯೂ ಇಲ್ಲ.

ಮೊದಲು ಹೋದದ್ದು ಆಟದ ಬಯಲಿನ ಎದುರಿಗಿರುವ ಬಟ್ಟೆ ಅಂಗಡಿಗೆ. ಅಂಗಡಿಯವರು ಗಜಕೋಲಿನಿಂದ ಬೆನ್ನು ಕೆರೆದುಕೊಳ್ಳುತ್ತಿದ್ದರು.

"ಎಂಟಕ್ಕೆ ತಗೊಂಡು ಹತ್ತಕ್ಕೆ ಮಾರಿದ್ರೆ ಪರ್ಸೆಂಟ್ ಎಷ್ಟು?" ಎಂದೆ, ಪೀಠಿಕೆಯಿಲ್ಲದೆ.

"ಇಪ್ಪತ್ತು."

"ಇಪ್ಪತ್ತೈದಲ್ವಾ?"

"ಅದು ಸ್ಕೂಲಲ್ಲಿ. ಇಲ್ಲಿ ಇಪ್ಪತ್ತೈದು ಅಂತ ನಂಬಿ ಖರ್ಚು ಮಾಡಿದ್ರೆ ವರ್ಷದೊಳಗೆ ಬಾಗಿಲು ಹಾಕ್ಬೇಕಾಗತ್ತೆ."

ಅತ್ತಿಗೆಯ ಮಾತು ಅಕ್ಷರಶಃ ನಿಜವಾಯಿತು. ನಾನು ದನಿ ತಗ್ಗಿಸಿ, ಅವರ ಹೆಗಲ ಮೇಲೆ ಕಣ್ಣಿಟ್ಟು, "ಐವತ್ತರಲ್ಲಿ ಎರಡು ಕಾಣೆಯಾಗಿದೆ," ಎಂದೆ.

"ಏನು ಕಾಣೆಯಾಗಿದೆ?"

"ಗಾಜಿನ ಲೋಟ."

"ಇದು ಬಟ್ಟೆ ಅಂಗಡಿ ಕಣಪ್ಪ. ಬಟ್ಟೆ ಕೈ ತಪ್ಪಿ ಬಿದ್ರೆ ಕೊಡವಿ ಮಡಚಿಡ್ತೀನಿ, ಐವತ್ತು ಐವತ್ತೇ ಇರತ್ತೆ. ಲೋಟದ ಕಷ್ಟ ಲೋಟದೋರನ್ನ ಕೇಳು."

ಗಜಕೋಲು ಮತ್ತೆ ಬೆನ್ನಿಗೆ ಹೋಯಿತು. ಹೆಗಲನ್ನು ಅವರು ಮುಟ್ಟಲೇ ಇಲ್ಲ.

ಹೊರಗೆ ಬಂದು, "ಗಾಜಿನಂಗಡಿಗೆ ನಡಿ," ಎಂದೆ ಅಣ್ಣನಿಗೆ.

"ಅದು ಇವತ್ತು ರಜ."

"ಯಾಕೆ?"

"ಅವರ ಭಾವಮೈದ್ನಂಗೆ ಹುಷಾರಿಲ್ಲ. ಹಾಸಿಗೆ ಹಿಡಿದಿದಾನೆ ಪಾಪ. ಸ್ಟೀಲ್ ಪಾತ್ರೆ ಅಂಗಡಿಗೆ ಹೋಗೋಣ, ಅಲ್ಲೂ ಲೋಟ ಸಿಗತ್ತೆ."

"ಲೆಕ್ಕದಲ್ಲಿ ಗಾಜಿನ ಲೋಟ ಅಂತಲೇ ಇದೆ. ರಜವಾದ್ರೂ ಪರವಾಗಿಲ್ಲ, ಬಾಗಿಲನ್ನಾದ್ರೂ ನೋಡ್ಕೊಂಡು ಬರ್ತೀನಿ."

ಬಾಗಿಲು ವಿಶಾಲವಾಗಿ ತೆರೆದಿತ್ತು. ಹಾಸಿಗೆ ಹಿಡಿದ ಭಾವಮೈದುನ ಸೊಂಟ ಬಗ್ಗಿಸಿ ಮೆಟ್ಟಿಲು ಗುಡಿಸುತ್ತಿದ್ದ.

"ವಾಸಿಯಾಗಿರ್ಬೇಕು," ಎಂದ ಅಣ್ಣ. ಸ್ಕೂಟರನ್ನು ಅಂಗಡಿಯಿಂದ ಸ್ವಲ್ಪ ಮುಂದೆ ನಿಲ್ಲಿಸಿ, ರಸ್ತೆಯ ಆಚೆಗಿದ್ದ ಗೋಡೆಯನ್ನು ನೋಡುತ್ತ ಕೂತ. "ನೀನೇ ಹೋಗಿ ಬಾ. ನನ್ನ ಚಪ್ಪಲಿ ಉಂಗುಷ್ಟ ಕಿತ್ತಿದೆ."

ಪಾಪ, ಹೆಂಡತಿಯ ಚಿಂತೆಯಲ್ಲಿ ಚಪ್ಪಲಿ ಹೊಲಿಸಲೂ ಅವನಿಗೆ ಬಿಡುವಾಗಿಲ್ಲ ಎಂದುಕೊಂಡು ಒಳಗೆ ಹೋದೆ.

ಗಾಜಿನಂಗಡಿಯ ಯಜಮಾನರನ್ನು ಊರೆಲ್ಲ ನಿಧಾನಣ್ಣ ಎಂದು ಕರೆಯುತ್ತದೆ. ನಡೆಯುವುದು ನಿಧಾನ, ಮಾತು ನಿಧಾನ, ಸೀನುವುದನ್ನೂ ಹೊರಗೆ ಹೋಗಿ ಸೀನಿ ಬರುತ್ತಾರೆ. ಅವರ ಅಂಗಡಿಗೊಂದು ನಿಯಮವಿದೆ. ಬಂದವರು ಕೈ ಹಿಂದೆ ಕಟ್ಟಿಕೊಂಡೇ ಒಳಗೆ ಬರಬೇಕು, ಹೊರಗೆ ಹೋಗುವವರೆಗೂ ಬಿಡಬಾರದು. ಬೇಕಾದ ವಸ್ತುವನ್ನು ಗಲ್ಲದಿಂದ ತೋರಿಸಿದರೆ ಅವರೇ ಇಳಿಸಿಕೊಡುತ್ತಾರೆ.

"ಕೈ," ಎಂದರು ನಿಧಾನಣ್ಣ.

ಕಟ್ಟಿಕೊಂಡೆ. ಪತ್ತೇದಾರನಾದವನು ಕೈ ಹಿಂದೆ ಕಟ್ಟಿಕೊಂಡು ನಿಂತು, ಕೂತವರನ್ನು ವಿಚಾರಣೆ ಮಾಡುವುದು ಎಷ್ಟು ಕಷ್ಟ ಎಂಬುದು ಅನುಭವಿಸಿದವನಿಗೇ ಗೊತ್ತು. ನೋಡಿದವರು ನಾನೇ ಏನೋ ಮಾಡಿ ಸಿಕ್ಕಿಬಿದ್ದಿದ್ದೇನೆ ಎಂದುಕೊಳ್ಳುತ್ತಿದ್ದರು. ನಾಲ್ಕೂ ಗೋಡೆಗೆ ಲೋಟ, ಹೂಜಿ, ಕನ್ನಡಿ, ಫೋಟೋಗೆ ಹಾಕುವ ಗಾಜು.

"ಒಂದು ಲೆಕ್ಕ ಕೇಳ್ಬೇಕು," ಎಂದೆ. "ಐವತ್ತು ಗಾಜಿನ ಲೋಟ. ಎಂಟಕ್ಕೆ ತಗೊಂಡು ಹತ್ತಕ್ಕೆ ಮಾರಿದ್ರೆ ಪರ್ಸೆಂಟ್ ಎಷ್ಟು ಉಳಿಯತ್ತೆ?"

ನಿಧಾನಣ್ಣ ಕಣ್ಣು ಮುಚ್ಚಿದರು. ನಿದ್ದೆ ಹೋದರೇನೋ ಎಂದು ನಾನು ಕೆಮ್ಮಬೇಕೆಂದುಕೊಳ್ಳುವಷ್ಟರಲ್ಲಿ ಕಣ್ಣು ತೆರೆದರು.

"ಹದಿನಾರೂ ಮುಕ್ಕಾಲಿಗೆ ಒಂಚೂರು ಕಮ್ಮಿ."

ನನ್ನ ಎದೆ ಡವಡವ ಎಂದಿತು. ಆ ಡವಡವಕ್ಕೆ ಮೊಣಕೈ ಹಿಂದಕ್ಕೆ ಹೋಯಿತು. ಏನೋ ಜಾರಿತು. ನೆಲದಲ್ಲಿ ಛಿಲ್ಲೆಂದಿತು.

"ಒಂದು," ಎಂದರು ನಿಧಾನಣ್ಣ, ಮುಖ ಕೆಡಿಸಿಕೊಳ್ಳದೆ. ಭಾವಮೈದುನ ಪೊರಕೆ ತಂದ.

"ಇಪ್ಪತ್ತು ಬರ್ಬೇಕಿತ್ತಲ್ಲ?" ಎಂದೆ, ಚೂರುಗಳ ಕಡೆ ನೋಡದೆ. "ಇಪ್ಪತ್ತು ಅಲ್ಲಾಂದ್ರೆ ಎರಡು ಲೋಟ ಕಮ್ಮಿಯಾಗಿದೆ. ಆ ಎರಡು ಲೋಟ ಎಲ್ಲಿ?"

"ಒಡೆದಿರ್ತಾವೆ."

"ಲೆಕ್ಕದಲ್ಲಿ ಒಡೆದಿದೆ ಅಂತ ಎಲ್ಲೂ ಬರೆದಿಲ್ಲ."

"ಬರೆಯೋದೇನು ಬಂತು? ಗಾಜು ಅಂತ ಬರೆದಿದೆಯಲ್ಲ." ಅವರು ನನ್ನನ್ನು ಕನಿಕರದಿಂದ ನೋಡಿದರು. "ಐವತ್ತು ಲೋಟ ತಂದ್ರೆ ಗಿರಾಕಿ ಕೈಗೆ ಹೋಗೋದು ನಲವತ್ತೆಂಟು. ನಮ್ಮಪ್ಪನ ಕಾಲದಿಂದಲೂ ಐವತ್ತಕ್ಕೆ ಎರಡು ತೆಗೆದಿಟ್ಟೇ ಲೆಕ್ಕ ಹಾಕೋದು. ಈ ಊರಲ್ಲಿ ಗಾಜಿನ ವ್ಯಾಪಾರ ನಾನೊಬ್ನೇ ಮಾಡೋದು, ಹಾಗಾಗಿ ಬೇರೆಯೋರಿಗೆ ಗೊತ್ತಿಲ್ಲ."

ಕುಂಬಳಕಾಯಿ ತಾನಾಗಿಯೇ ಎದ್ದು ಬಂದು ನನ್ನ ಮುಂದೆ ಕೂತಿತ್ತು. ನಾನು ಒಂದು ಹೆಜ್ಜೆ ಮುಂದಿಟ್ಟೆ. ನಿಧಾನಣ್ಣ ನನ್ನ ಮೊಣಕೈಯನ್ನೇ ನೋಡುತ್ತಿದ್ದರು.

"ಹಾಗಾದ್ರೆ ಒಪ್ಕೊಂಡ್ಬಿಡಿ. ಸ್ಕೂಲ್ ಗೋಡೆ ಮೇಲೆ ಉತ್ತರ ಬರೆದೋರು ನೀವೇ. ಇದೇ ತಪ್ಪು, ಇದೇ ಹದಿನಾರು ಚಿಲ್ಲರೆ. ಇದರಿಂದ ಒಬ್ಬ ಹೆಣ್ಣುಮಗಳ ಕೆಲಸ ಹೋಗ್ತಿದೆ ಸಂಜೆ ನಾಲ್ಕಕ್ಕೆ. ನಿಮಗೆ ಗೊತ್ತಾ ಅದು?"

"ನನ್ನ ಲೆಕ್ಕ ತಪ್ಪಲ್ಲ," ಎಂದರು ನಿಧಾನಣ್ಣ. ಮೊದಲ ಬಾರಿಗೆ ಅವರಿಗೆ ನೋವಾದಂತೆ ಕಂಡಿತು. ಈ ಊರಿನಲ್ಲಿ ಯಾರಿಗೂ ಕಳ್ಳತನದ ಆರೋಪ ತಾಗುವುದಿಲ್ಲ, ಲೆಕ್ಕ ತಪ್ಪು ಎಂದರೆ ಮಾತ್ರ ತಾಗುತ್ತದೆ. "ಗೋಡೆ ಗೀಡೆ ನಂಗೆ ಗೊತ್ತಿಲ್ಲ. ಅಂಗಡಿ ಬಿಟ್ಟು ನಾನೆಲ್ಲಿ ಹೋಗ್ಲಿ? ನನ್ನ ಭಾವಮೈದ್ನನ್ನ ಒಬ್ಬನ್ನೇ ಬಿಟ್ರೆ ಐವತ್ತಕ್ಕೆ ಇಪ್ಪತ್ತು ತೆಗೆದಿಡಬೇಕಾಗತ್ತೆ. ಆದ್ರೆ ಈ ಲೆಕ್ಕ ನಾನು ಮಾಡಿಕೊಟ್ಟಿದ್ದು ನಿಜ. ಇದೇ ಐವತ್ತು ಲೋಟ, ಇದೇ ಎಂಟು, ಇದೇ ಹತ್ತು."

"ಯಾರಿಗೆ ಮಾಡಿಕೊಟ್ರಿ?"

"ಹೋದ ವಾರ ಒಬ್ಬರು ಬಂದಿದ್ರು. ಒಳ್ಳೆ ಮನುಷ್ಯ. ನಮ್ಮಲ್ಲಿ ಆಗಾಗ ಗಾಜು ತಗೋತಾರೆ, ಇವತ್ತಿನವರೆಗೆ ಒಂದೂ ಒಡೆದಿಲ್ಲ. ಅವತ್ತು ಗಾಜು ಬೇಡ, ಲೆಕ್ಕ ಹೇಳ್ಕೊಡಿ ಅಂದ್ರು. ಮೊದಲ್ನಾಲ್ಕು ಸುಲಭ, ನಾನೇ ಮಾಡ್ಕೊಂಡೆ, ಇದೊಂದು ನಂಗೆ ಹತ್ತಲ್ಲ ಅಂದ್ರು."

"ಲೆಕ್ಕ ಬಲ್ಲೋರು ಊರಲ್ಲಿ ಎಷ್ಟು ಜನ ಇದಾರೆ. ನಿಮ್ಮನ್ನೇ ಯಾಕೆ ಕೇಳಿದ್ರು?"

"ನಾನೂ ಅದನ್ನೇ ಕೇಳ್ದೆ. ಮನೇಲಿ ಹೆಂಡತೀನ ಕೇಳೋಕೆ ಆಗಲ್ಲ, ಅವಳು ಲೆಕ್ಕದ ಟೀಚರು ಅಂದ್ರು." ನಿಧಾನಣ್ಣ ನನ್ನ ಮೊಣಕೈ ಬಳಿಯಿದ್ದ ಹೂಜಿಯೊಂದನ್ನು ಈಚೆ ಸರಿಸಿಕೊಂಡರು. "ಹೇಳುವಾಗ ಕಣ್ಣಲ್ಲಿ ನೀರಿತ್ತು ಅವರಿಗೆ. ನಂಗೇನು, ಲೆಕ್ಕ ಹೇಳಿದೆ, ಒಂದು ಲೋಟ ನೀರೂ ಕೊಟ್ಟೆ."

ಈ ಊರಿನಲ್ಲಿ ಲೆಕ್ಕದ ಟೀಚರು ಎಷ್ಟು ಜನ ಎಂದು ನಾನು ಬೆರಳು ಮಡಚತೊಡಗಿದೆ. ಕೈ ಹಿಂದೆ ಕಟ್ಟಿದ್ದರೂ ಎಣಿಕೆಗೆ ತೊಂದರೆಯಾಗಲಿಲ್ಲ. ಒಂದು ಬೆರಳಿಗೇ ಮುಗಿದುಹೋಯಿತು.

"ಯಾಕೆ ಹೀಗೆ ಬೆಳ್ಳಗಾದ್ರಿ?" ಎಂದರು ನಿಧಾನಣ್ಣ. "ನೀವು ಅವರ ಜೊತೆಗೇ ಬಂದ್ರಲ್ಲ. ಅಲ್ಲಿ ಸ್ಕೂಟರ್ ಮೇಲೆ ಆ ಕಡೆ ಮುಖ ಮಾಡ್ಕೊಂಡು ಕೂತಿದ್ರಲ್ಲ, ಅವರೇ."

ಬೆಳಗ್ಗೆಯಿಂದ ನಾನು ಊರವರೆಲ್ಲರ ಹೆಗಲು ನೋಡಿದ್ದೆ. ಒಂದು ಹೆಗಲನ್ನು ಮಾತ್ರ ನೋಡಿರಲಿಲ್ಲ. ಅದನ್ನು ಹಿಡಿದುಕೊಂಡೇ ಊರೆಲ್ಲ ಸುತ್ತಿದ್ದೆ.

ನಾನು ಗಕ್ಕನೆ ಬಾಗಿಲ ಕಡೆ ತಿರುಗಿದೆ. ಹಿಂದೆ ಮತ್ತೊಂದು ಲೋಟ ಛಿಲ್ಲೆಂದಿತು.

"ಎರಡು," ಎಂದರು ನಿಧಾನಣ್ಣ. "ನೋಡಿ, ಲೆಕ್ಕ ಸರಿಹೋಯ್ತು."

ಹೊರಗೆ ಓಡಿದೆ. ಸ್ಕೂಟರು ನಿಂತಿದ್ದ ಜಾಗದಲ್ಲಿ ನೆಲಕ್ಕೆ ಎಣ್ಣೆ ತೊಟ್ಟಿಕ್ಕಿದ ಗುರುತು ಮಾತ್ರ ಇತ್ತು. ರಸ್ತೆಯ ಎರಡೂ ತುದಿಯನ್ನು ನೋಡಿದೆ. ಯಾಕೆ ಹೀಗೆ ಮಾಡಿದೆ ಎಂದು ಕೇಳೋಣವೆಂದರೆ ಅಣ್ಣನಿಲ್ಲ, ಸ್ಕೂಟರಿಲ್ಲ, ಡಿಕ್ಕಿಯಲ್ಲಿದ್ದ ಆ ಹುಡುಗಿಯ ಪತ್ರಿಕೆಯೂ ಇಲ್ಲ. ನಾಲ್ಕು ಗಂಟೆಗೆ ಅತ್ತಿಗೆಯ ಕೈ ಹಿಡಿಯಬೇಕಾಗಿದ್ದ ಸಾಕ್ಷಿ ಅದೊಂದೇ. ಈಗ ಅದು ಅವರ ಕೈ ಹಿಡಿದ ಗಂಡನ ಬಳಿ ಇದೆ. ಅವನ ಹೆಸರು ಹೇಳದೆ ಅತ್ತಿಗೆಯನ್ನು ಉಳಿಸುವುದು ಹೇಗೆ? ಹೇಳಿದರೆ ಅವರಿಗೆ ಉಳಿಯುವುದೇನು?

ಹೆಜ್ಜೆ ಮುಂದಿಡಲು ಹೋದವನ ಕಾಲಿಗೆ ಏನೋ ತಾಕಿತು. ಈಗಷ್ಟೇ ಗುಡಿಸಿದ ಮೆಟ್ಟಿಲಿನ ಮೇಲೆ, ಯಾರೂ ಎಡವದಂತೆ ಗೋಡೆಯ ಬದಿಗೆ ಸರಿಸಿ, ಅತ್ತಿಗೆಯ ಊಟದ ಕ್ಯಾರಿಯರ್ ಇಟ್ಟಿತ್ತು. ಮುಟ್ಟಿ ನೋಡಿದೆ. ಇ‍ನ್ನೂ ಬಿಸಿಯಾಗಿತ್ತು.